ಸೈಮಾ ಸರೋವರದ ತೀರವಾಸ

ಯೂರೋಪು ಖಂಡದ ಉತ್ತರದಲ್ಲಿರುವ ಫಿನ್ಲೆಂಡ್ ದೇಶವನ್ನು ‘ಸಾವಿರ ಸರೋವರಗಳ ನಾಡು’ ಎಂದು ಕರೆಯುವುದು ವಾಡಿಕೆ. ಇದು ಅತಿಶಯೋಕ್ತಿಯಲ್ಲ, ನಿಜಕ್ಕಿಂತ ಬಹಳ ಕಡಮೆಯಾದ ಮಾತು. ಐನೂರು ಚದರ ಮೀಟರಿಗೆ ಮೇಲ್ಪಟ್ಟ ಕೊಳಗಳನ್ನೆಲ್ಲ ಸೇರಿಸಿ ಎಣಿಸಿದವರು 1,87,888 ಎಂಬ ಲೆಕ್ಕವನ್ನು ಕೊಟ್ಟಿರುವರು. ಇವುಗಳಲ್ಲಿ ಅತ್ಯಂತ ದೊಡ್ಡದು ಆ ದೇಶದ ಆಗ್ನೇಯ ಭಾಗದಲ್ಲಿರುವ ಸೈಮಾ. ಸುಮಾರು 4,400 ಚದರ ಕಿಲೋಮೀಟರುಗಳಷ್ಟು ಹರಡಿರುವ ಈ ಜಲರಾಶಿಯು ನಮ್ಮ ಕೆರೆಗಳಂತೆ ಒಂದೇ ಬಯಲಾಗಿ ಕಣ್ಣಿಗೆ ಬೀಳತಕ್ಕದ್ದಲ್ಲ. ಹಿಮಯುಗದಲ್ಲಿ ಮಂಜುಗಡ್ಡೆಯ ರಾಶಿಗಳು ಬಂಡೆಯನ್ನು ಉಜ್ಜಿ ಕೊರೆದು ಬಿಟ್ಟುಹೋದ ತಗ್ಗುಗಳು ಒಂದಕ್ಕೊಂದು ಕೂಡಿಕೊಂಡು, ನಡುನಡುವೆ 13 ಸಾವಿರಕ್ಕೂ ಹೆಚ್ಚು ದ್ವೀಪಗಳನ್ನು ಇರಿಸಿಕೊಂಡು, ನೆಲವೆಲ್ಲಿ ಮುಗಿಯಿತು, ನೀರೆಲ್ಲಿ ಮೊದಲಾಯಿತು ಎಂದು ಹೇಳುವುದೇ ಕಷ್ಟವಾಗುವಂತೆ ಹೆಣೆದುಕೊಂಡಿವೆ. ಈ ಸರೋವರದ ಒಂದು ಜಲಸಂಧಿಯ ದಡದಲ್ಲಿ ಪೂಮಲ ಎಂಬ ಊರಿದೆ. ಅದರ ಸುತ್ತಣ ಹಳ್ಳಿಗಳೆಲ್ಲ ಸೇರಿ ಸ್ಥಿರವಾಗಿ ವಾಸಮಾಡುವವರು ಸುಮಾರು ಎರಡು ಸಾವಿರ ಮಂದಿ. ಆ ಊರಿನ ಎಲ್ಲೆಯೊಳಗಿನ ದಡದ ಉದ್ದವಾದರೋ 3,000 ಕಿಲೋಮೀಟರುಗಳಿಗೂ ಹೆಚ್ಚು. ವರ್ಷವೆಲ್ಲ ಒಲೆಯುರಿಯುವ ಮನೆಗಳಿಗಿಂತ ರಜಾದಿನಗಳಲ್ಲಿ ಮಾತ್ರ ಬಾಗಿಲು ತೆರೆಯುವ ಮನೆಗಳೇ ಅಲ್ಲಿ ಅಧಿಕ.

ಇದು ಪೂಮಲ ಒಂದರ ವಿಶೇಷವಲ್ಲ. ದೇಶದ ಜನಸಂಖ್ಯೆ ಸುಮಾರು 56 ಲಕ್ಷವಿದ್ದರೆ ವಿಹಾರಗೃಹಗಳ ಸಂಖ್ಯೆ 5 ಲಕ್ಷವನ್ನು ಮೀರಿದೆ. ಇಂತಹ ಮನೆಗೆ ಅವರ ಭಾಷೆಯಲ್ಲಿ ‘ಮೊಕ್ಕಿ’ ಎಂದು ಹೆಸರು. ನೌಕರಿಯ ಪಟ್ಟಣದಲ್ಲಿ ಒಂದು ಮನೆ, ನೀರಿನ ದಡದಲ್ಲಿ ಒಂದು ಮೊಕ್ಕಿ, ಎರಡರ ನಡುವೆ ಕಾಡಿನ ದಾರಿಯಲ್ಲಿ ಮೂರು ನಾಲ್ಕು ಗಂಟೆಗಳ ಪ್ರಯಾಣ: ಇದು ಅಲ್ಲಿಯ ಮಧ್ಯಮವರ್ಗದ ಸಂಸಾರದ ಸಾಮಾನ್ಯ ಕ್ರಮ. ಇದಕ್ಕೆ ಕಾರಣವೇನೆಂದು ಕೇಳಿದರೆ ಪ್ರವಾಸಗ್ರಂಥಗಳು ಒಂದೇ ಉತ್ತರವನ್ನು ಕೊಡುವುವು: ಫಿನ್ನರು ಸ್ವಭಾವತಃ ಏಕಾಂತಪ್ರಿಯರು, ಅನಾದಿಯಿಂದಲೂ ಕಾಡು ನೀರುಗಳ ಸಂಗವನ್ನು ಬಯಸಿದವರು ಎಂದು. ‘ಅನಾದಿ’ ಎಂಬ ಶಬ್ದವು ಚರಿತ್ರೆಯಲ್ಲಿ ಕಂಡಾಗಲೆಲ್ಲ ಸ್ವಲ್ಪ ನಿಂತು ನೋಡುವುದು ಒಳ್ಳೆಯದು. ಮೊಕ್ಕಿ ಎಂಬ ಮಾತಿಗೇ ಹಿಂದೆ ಇದ್ದ ಅರ್ಥ ಬೇರೆ. ಸ್ವಂತ ಭೂಮಿಯಿಲ್ಲದೆ ಪರರ ನೆಲದ ಮೂಲೆಯಲ್ಲಿ ಗುಡಿಸಲು ಹಾಕಿಕೊಂಡು ಕೂಲಿಮಾಡಿ ಬದುಕುತ್ತಿದ್ದ ಬಡವನ ಮನೆಗೆ ಆ ಹೆಸರಿತ್ತು. ದರಿದ್ರನ ಗುಡಿಸಲಿನ ಹೆಸರು ಉಳ್ಳವನ ವಿಹಾರಗೃಹಕ್ಕೆ ಬಂದುದು ಹೇಗೆ ಎಂಬುದನ್ನು ಶೋಧಿಸಿದರೆ, ಇದು ಅನಾದಿಯ ಕಥೆಯಲ್ಲ, ಹೆಚ್ಚೆಂದರೆ ನೂರೈವತ್ತು ವರ್ಷಗಳದು, ಸಾಮಾನ್ಯ ಜನರ ಮಟ್ಟಿಗೆ ಅದರ ಅರ್ಧದಷ್ಟು ಕಾಲದ್ದು ಎಂಬುದು ಗೊತ್ತಾಗುವುದು.

ಸೈಮಾ ಪ್ರದೇಶವು ಸಾವೊ ಎಂಬ ಪ್ರಾಂತಕ್ಕೆ ಸೇರಿದುದು. ಅಲ್ಲಿಯ ಪೂರ್ವಿಕರ ಬೇಸಾಯವು ಕುಮರಿ ಬೇಸಾಯ. ಕಾಡನ್ನು ಕಡಿದು, ಒಣಗಿಸಿ, ಸುಟ್ಟು, ಬೂದಿಯ ಮೇಲೆ ರೈ ಧಾನ್ಯವನ್ನು ಬಿತ್ತುವರು. ಕೆಲವು ಬೆಳೆಗಳಾದ ಮೇಲೆ ನೆಲ ಸೋತುಹೋಗಲು ಬೇರೊಂದು ಕಾಡಿಗೆ ಹೋಗುವರು. ತಗ್ಗಿನ ನೆಲದಲ್ಲಿ ರಾತ್ರಿಯ ಇಬ್ಬನಿಯು ಹೆಪ್ಪುಗಟ್ಟಿ ಪೈರನ್ನು ಸುಡುವುದರಿಂದ ಮನೆಗಳನ್ನೂ ಹೊಲಗಳನ್ನೂ ಗುಡ್ಡದ ಇಳಿಜಾರಿನಲ್ಲಿ ಮಾಡಿಕೊಳ್ಳುತ್ತಿದ್ದರು. ಸರೋವರದ ದಡವು ವಾಸಕ್ಕಾಗಿ ಅಲ್ಲ. ಬಲೆಯನ್ನು ಒಣಗಿಸುವುದಕ್ಕೆ, ಬಟ್ಟೆ ಒಗೆಯುವುದಕ್ಕೆ, ದೋಣಿಯನ್ನು ಎಳೆದು ನಿಲ್ಲಿಸುವುದಕ್ಕೆ. ಕಲ್ಲುಮಯವಾದ ಆ ನೆಲಕ್ಕೆ ಬೆಲೆಯಿರಲಿಲ್ಲ. ಸಹೋದರರು ಆಸ್ತಿಯನ್ನು ಹಂಚಿಕೊಳ್ಳುವಾಗ ಹೊಲಕ್ಕೂ ಹುಲ್ಲುಗಾವಲಿಗೂ ಜಗಳವಾದೀತೇ ಹೊರತು ಬಂಡೆಯ ದಡಕ್ಕಾಗಿ ಯಾರೂ ಕಾದಾಡುತ್ತಿರಲಿಲ್ಲ.

ಆದರೆ ನೀರು ಅವರ ರಾಜಮಾರ್ಗವಾಗಿದ್ದಿತು. ಭಾನುವಾರ ದೂರದ ಹಳ್ಳಿಗಳವರು ಹತ್ತಿಪ್ಪತ್ತು ಜನ ಹುಟ್ಟು ಹಾಕುವ ಉದ್ದವಾದ ‘ದೇವಾಲಯದ ದೋಣಿ’ಗಳಲ್ಲಿ ಚರ್ಚಿಗೆ ಹೋಗುವರು, ಮದುವೆಯ ದಿಬ್ಬಣವೂ ಶವಪೆಟ್ಟಿಗೆಯೂ ಅದೇ ದಾರಿಯಲ್ಲಿ ಸಾಗುವುವು. ಪೂಮಲಕ್ಕೆ ಇನ್ನೊಂದು ದುರ್ದೈವವೂ ಇದ್ದಿತು. 1743ರ ತುರ್ಕು ಒಪ್ಪಂದದಿಂದ ಸ್ವೀಡನ್ ಮತ್ತು ರಷ್ಯ ರಾಜ್ಯಗಳ ಗಡಿಯು ಈ ಪ್ರದೇಶದಲ್ಲಿಯೇ ಹಾಯ್ದುಹೋಯಿತು. 1809ರಲ್ಲಿ ಫಿನ್ಲೆಂಡ್ ಪೂರ್ತಿಯಾಗಿ ರಷ್ಯದ ಚಕ್ರವರ್ತಿಯ ವಶವಾಗುವವರೆಗೂ ಅದು ಹಾಗೆಯೇ ಇದ್ದಿತು. ರಷ್ಯದ ಸೇನಾನಿ ಸುವೊರೊವನು 1790ರ ದಶಕದಲ್ಲಿ ತನ್ನ ತೋಪಿನ ದೋಣಿಗಳು ಶತ್ರುವಿನ ಕಣ್ಣಿಗೆ ಬೀಳದೆ ಸಂಚರಿಸಲೆಂದು ಇಲ್ಲಿ ಭೂಕಂಠಗಳನ್ನು ಕಡಿಸಿ ನಾಲ್ಕು ಕಾಲುವೆಗಳನ್ನು ಮಾಡಿಸಿದನು. ಯುದ್ಧಕ್ಕೆಂದು ತೋಡಿದ ಈ ಕಾಲುವೆಗಳಲ್ಲಿ ಈಗ ಬೇಸಗೆಯ ವಿಹಾರಿಗಳ ಪುಟ್ಟ ದೋಣಿಗಳು ನುಸುಳುತ್ತವೆ. ಅವನು ಅಪೇಕ್ಷಿಸಿದ ಉಪಯೋಗ ಇದಲ್ಲವೆಂಬುದು ನಿಶ್ಚಯ.

ಕಾಡು ನೀರುಗಳನ್ನು ಈ ಜನ ಪ್ರೀತಿಸುತ್ತಿದ್ದರೋ ಹೆದರುತ್ತಿದ್ದರೋ ಎಂಬುದಕ್ಕೆ 1867ನೆಯ ವರ್ಷವನ್ನು ನೆನೆದರೆ ಸಾಕು. ಆ ವರ್ಷ ಚಳಿಯು ಹಿಂದೆಗೆಯಲೇ ಇಲ್ಲ. ಮೇ ತಿಂಗಳು ಕಳೆಯುತ್ತ ಬಂದರೂ ಸರೋವರಗಳ ಮೇಲಣ ಮಂಜುಗಡ್ಡೆ ಕರಗದೆ, ಅನೇಕ ಕಡೆ ಜೂನ್ ತಿಂಗಳವರೆಗೂ ನಿಂತಿತು. ತಡವಾಗಿ ಬಿತ್ತಿದ ಪೈರನ್ನು ಸೆಪ್ಟೆಂಬರ್ ಮೊದಲ ವಾರದ ಹಿಮಪಾತವು ಒಂದೆರಡು ರಾತ್ರಿಗಳಲ್ಲಿ ಸುಟ್ಟುಹಾಕಿತು. ಜನರು ಪೈನ್ ಮರದ ಒಳತೊಗಟೆಯನ್ನು ಕುಟ್ಟಿ ಹಿಟ್ಟಿನೊಡನೆ ಬೆರಸಿ ರೊಟ್ಟಿ ಮಾಡಿ ತಿಂದರು. ಊರು ಬಿಟ್ಟು ಭಿಕ್ಷಕ್ಕೆ ಹೊರಟು ಹಿಮದ ದಾರಿಗಳಲ್ಲಿ ಬಿದ್ದರು. ಹಸಿವಿನಿಂದಲೂ ಅದರ ಬೆನ್ನಹಿಂದೆ ಬಂದ ಜ್ವರಗಳಿಂದಲೂ ಆ ಕ್ಷಾಮದಲ್ಲಿ ದೇಶದ ಜನರಲ್ಲಿ ಶೇಕಡ ಸುಮಾರು 8 ಮಂದಿ ತೀರಿಹೋದರು. ಇಂದು ಯಾವ ಮಂಜುಗಡ್ಡೆಯ ಮೇಲೆ ಮಕ್ಕಳು ರಜೆಯಲ್ಲಿ ಜಾರಿ ನಲಿಯುವರೋ ಅದೇ ಮಂಜುಗಡ್ಡೆ ಅವರ ತಾತಂದಿರ ತಾತಂದಿರಿಗೆ ಯಮನ ಬಾಗಿಲಾಗಿದ್ದಿತು. ಚರಿತ್ರೆಯನ್ನರಿಯದವನು ಮಾತ್ರ ಅಂಥವರನ್ನು ‘ಪ್ರಕೃತಿಪ್ರಿಯರು’ ಎಂದು ಸುಲಭವಾಗಿ ಕರೆದಾನು.

ಸೈಮಾ ಪ್ರದೇಶದ ಚೆಲುವನ್ನು ಚೆಲುವೆಂದು ಮೊದಲು ಕಂಡವರು ಹೊಟ್ಟೆ ತುಂಬಿದವರು. ಈ ಸರೋವರದ ನೀರು ವುವೊಕ್ಸಿ ನದಿಯಾಗಿ ಹೊರಬೀಳುವ ಇಮಾತ್ರದ ಭೋರ್ಗರೆತವನ್ನು ನೋಡಲು ರಷ್ಯದ ಮಹಾರಾಣಿ ಎರಡನೆಯ ಕ್ಯಾಥರೀನಳು 1772ರಲ್ಲಿ ಬಂದಳು. ನೀರನ್ನು ಇಬ್ಭಾಗ ಮಾಡುವಂತೆ ಚಾಚಿಕೊಂಡಿರುವ ಪುಂಕಹರ್ಯು ಎಂಬ ಕಿರಿದಾದ ದಿಣ್ಣೆಯ ಮೇಲಣ ಪೈನ್ ಮರಗಳನ್ನು 1843ರಲ್ಲಿ ಸರ್ಕಾರವು ರಕ್ಷಣೆಗೆ ತೆಗೆದುಕೊಂಡಿತು. ಅಲ್ಲಿಯ ಅರಣ್ಯಪಾಲಕನಿಗಾಗಿ 1845ರಲ್ಲಿ ಕಟ್ಟಿದ ಮನೆಯು ಯಾತ್ರಿಕರ ವಸತಿಯಾಯಿತು. ಸೈಮಾವನ್ನು ಸಮುದ್ರಕ್ಕೆ ಕೂಡಿಸುವ ಕಾಲುವೆಯು 1856ರಲ್ಲಿ ತೆರೆದ ಮೇಲೆ ಹೊಗೆಹಡಗುಗಳು ಬಂದುವು. ಹೆಲ್ಸಿಂಕಿಯಿಂದ ಸೇಂಟ್ ಪೀಟರ್ಸ್‌ಬರ್ಗಿಗೆ 1870ರಲ್ಲಿಯೂ, ಸಾವೊ ಪ್ರಾಂತದ ಮಿಕ್ಕೆಲಿ ಕುವೊಪಿಯೊಗಳಿಗೆ 1889ರಲ್ಲಿಯೂ, ಇಮಾತ್ರಕ್ಕೆ 1892ರಲ್ಲಿಯೂ ರೈಲು ಬಂದಿತು. ವೀಪುರಿಯ ವರ್ತಕರೂ ರಾಜಧಾನಿಯ ಅಧಿಕಾರಿಗಳೂ ದಡದ ಮೇಲೆ ಬಣ್ಣಬಣ್ಣದ ಮರದ ಸೌಧಗಳನ್ನು ಎತ್ತಿಸಿದರು. ಅದೇ ಕಾಲದಲ್ಲಿ ಚಿತ್ರಕಾರ ಆಕ್ಸೆಲಿ ಗಾಲ್ಲೆನ್-ಕಾಲ್ಲೆಲನು ರುವೊವೆಸಿ ಎಂಬಲ್ಲಿ ಸರೋವರದಂಚಿಗೆ ದಿಮ್ಮಿಗಳ ಮನೆಯನ್ನು ಕಟ್ಟಿ 1895ರಲ್ಲಿ ಅಲ್ಲಿ ನೆಲಸಿದನು. ರೈತನ ಮನೆಯ ಆಕಾರವನ್ನು ವಿದ್ಯಾವಂತರು ಸುಂದರವೆಂದು ಒಪ್ಪಿದುದು ಇಂತಹವರಿಂದ. ರೈತನಾದರೋ ಆ ಹೊತ್ತಿಗೆ ಬೇಸಗೆಯಲ್ಲಿ ತನ್ನ ಮನೆಯ ದೊಡ್ಡ ಕೋಣೆಯನ್ನು ಪಟ್ಟಣದ ಅತಿಥಿಗಳಿಗೆ ಬಾಡಿಗೆಗೆ ಕೊಟ್ಟು, ತಾನು ಮಡದಿ ಮಕ್ಕಳೊಡನೆ ಕಣಜದಲ್ಲಿಯೋ ಅಟ್ಟದ ಮೇಲೆಯೋ ಮಲಗುವುದನ್ನು ಕಲಿತಿದ್ದನು.

ಇಲ್ಲಿಯವರೆಗಿನದು ಯೂರೋಪಿನ ಎಲ್ಲ ದೇಶಗಳಲ್ಲಿಯೂ ನಡೆದ ಕಥೆ. ಫಿನ್ಲೆಂಡಿನ ವಿಶೇಷವು ಮುಂದೆ ಬರುವುದು.

1918ರ ಅಂತರ್ಯುದ್ಧದ ತರುವಾಯ ಬಂದ ಶಾಸನದಿಂದ ಗೇಣಿದಾರರು ತಾವು ಉಳುತ್ತಿದ್ದ ನೆಲವನ್ನು ಕೊಂಡು ಸ್ವಂತ ಮಾಡಿಕೊಳ್ಳುವ ಹಕ್ಕನ್ನು ಪಡೆದರು. ಕೂಲಿಗಾರರಿಗೆ 1922ರ ಶಾಸನವು ವರ್ಷಕ್ಕೆ ಕೆಲವೇ ದಿನಗಳ ರಜವನ್ನು ಕೊಟ್ಟಿತು. ವಾರ್ಷಿಕ ರಜಕ್ಕೆಂದೇ ಪ್ರತ್ಯೇಕವಾದ ಶಾಸನವಾದುದು 1939ರಲ್ಲಿ. ಆ ವರ್ಷದ ನವೆಂಬರ್ 30ರಂದು ಸೋವಿಯತ್ ಸೈನ್ಯವು ಗಡಿಯನ್ನು ದಾಟಿತು. ಯುದ್ಧಗಳು ಮುಗಿದಾಗ ಕರೇಲಿಯದ ಬಹುಭಾಗವೂ ವೀಪುರಿ ಪಟ್ಟಣವೂ ಕೈಬಿಟ್ಟುಹೋಗಿ, ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಮನೆಮಠಗಳನ್ನು ತೊರೆದು ಬಂದಿದ್ದರು. ಅವರಿಗೂ ರಣರಂಗದಿಂದ ಹಿಂದಿರುಗಿದ ಯೋಧರಿಗೂ 1945ರ ಶಾಸನದಂತೆ ಕಾಡನ್ನು ಬಿಡಿಸಿ ಭೂಮಿಯನ್ನು ಹಂಚಿದರು. ಹೀಗೆ ಹತ್ತಾರು ಸಾವಿರ ಸಣ್ಣ ಹಿಡುವಳಿಗಳು ಹುಟ್ಟಿಕೊಂಡುವು. ಬೇರೆ ದೇಶಗಳಲ್ಲಿ ಜನರು ಹಳ್ಳಿಯನ್ನು ಬಿಟ್ಟು ಪಟ್ಟಣಕ್ಕೆ ಹೋಗುತ್ತಿದ್ದ ಕಾಲದಲ್ಲಿ ಈ ದೇಶವು ಪುನಃ ಹಳ್ಳಿಗಳನ್ನು ಕಟ್ಟಿತು. ಮಾಡಿದ್ದು ಧರ್ಮವೇ, ಆದರೆ ಐದು ಹತ್ತು ಎಕರೆಯ ಕಲ್ಲುನೆಲವು ಒಂದು ತಲೆಮಾರನ್ನು ಹೇಗೋ ಸಲಹಬಲ್ಲುದಾಗಿತ್ತೇ ಹೊರತು ಎರಡನೆಯದನ್ನಲ್ಲ.

ಆ ಎರಡನೆಯ ತಲೆಮಾರು ಪ್ರಾಪ್ತವಯಸ್ಸಿಗೆ ಬಂದುದು 1960ರ ದಶಕದಲ್ಲಿ. ಕಾಡಿನಲ್ಲಿ ಮರ ಕಡಿಯಲು ಯಂತ್ರದ ಗರಗಸ ಬಂದಿತು, ಹೊಲದಲ್ಲಿ ಟ್ರಾಕ್ಟರು ಬಂದಿತು, ಕೈಗಳಿಗೆ ಕೆಲಸವಿಲ್ಲವಾಯಿತು. ಬೆಣ್ಣೆಯೂ ಧಾನ್ಯವೂ ಬೇಕಾದುದಕ್ಕಿಂತ ಹೆಚ್ಚಾಯಿತೆಂದು ಸರ್ಕಾರವೇ 1969ರಲ್ಲಿ, ಹೊಲವನ್ನು ಬೀಳುಬಿಟ್ಟವನಿಗೆ ಹಣ ಕೊಡುವ ಏರ್ಪಾಡನ್ನು ಮಾಡಿತು. ತಂದೆ ಯುದ್ಧದಿಂದ ಬಂದು ಬೇರು ಕಿತ್ತು ಕಲ್ಲು ಹೊತ್ತು ಬಿಡಿಸಿದ ಹೊಲವನ್ನು ಇಪ್ಪತ್ತೈದು ವರ್ಷ ತುಂಬುವುದರೊಳಗೆ ಪಾಳುಬಿಡಬೇಕಾಗಿ ಬಂದುದು ಆ ಮನೆಗಳಲ್ಲಿ ಎಂತಹ ಸಂಕಟವನ್ನುಂಟುಮಾಡಿರಬೇಕೆಂಬುದನ್ನು ಭೂಮಿಯ ಋಣವನ್ನು ಬಲ್ಲವರಿಗೆ ವಿವರಿಸಬೇಕಾಗಿಲ್ಲ. ಮಕ್ಕಳು ಹೆಲ್ಸಿಂಕಿಯ ಸುತ್ತಣ ಹೊಸ ಬಡಾವಣೆಗಳಿಗೂ, ಸಮುದ್ರದಾಚೆ ಸ್ವೀಡನ್ನಿನ ಮೋಟಾರು ಕಾರ್ಖಾನೆಗಳಿಗೂ ಹೋದರು. 1969 ಮತ್ತು 1970 ಈ ಎರಡು ವರ್ಷಗಳಲ್ಲಿ ಒಂದೊಂದರಲ್ಲಿಯೂ ಸುಮಾರು 40 ಸಾವಿರ ಜನ ಸ್ವೀಡನ್ನಿಗೆ ವಲಸೆಹೋದರು. ಹಳ್ಳಿಯ ಶಾಲೆಗಳು ಒಂದೊಂದಾಗಿ ಮುಚ್ಚಿದುವು. ಶಾಲೆಯ ಬಾಗಿಲಿಗೆ ಬೀಗ ಬಿದ್ದರೆ ಊರಿನ ಆಯುಸ್ಸು ಎಷ್ಟೆಂಬುದನ್ನು ಲೆಕ್ಕ ಹಾಕಬಹುದೆಂದು ಆ ವೃತ್ತಿಯಲ್ಲಿ ಕೂದಲು ನರೆಸಿಕೊಂಡ ನಮ್ಮಂಥವರು ಹೇಳಿದರೆ ಅತಿಮಾತೆನಿಸದು.

ಆದರೆ ಹೋದವರು ಜುಲೈ ತಿಂಗಳಲ್ಲಿ ಬಂದರು. ವಾರಕ್ಕೆ ಐದು ದಿನದ ಕೆಲಸವೆಂಬುದು 1960ರ ದಶಕದ ಕೊನೆಗೆ ನೆಲೆಗೊಂಡಿತು. 1973ರ ಶಾಸನದಿಂದ ವಾರ್ಷಿಕ ರಜವು ನಾಲ್ಕು ವಾರಗಳಿಗೆ ಏರಿತು. ಚಳಿಗಾಲಕ್ಕೆಂದು ಮತ್ತೊಂದು ವಾರವು ಅದೇ ದಶಕದಲ್ಲಿ ಸೇರಿತು. ಕಾರ್ಖಾನೆಯಲ್ಲಿ ಸಂಪಾದಿಸಿದ ಹಣದಿಂದ ಕೊಂಡ ಮೋಟಾರಿನಲ್ಲಿ ಬಂದ ಮಗನಿಗೆ ತಂದೆ ಕೊಡಬಹುದಾದುದು ಏನಿತ್ತು? ಹೊಲ ಬೇಕಾಗಿಲ್ಲ, ದನ ಬೇಕಾಗಿಲ್ಲ. ಯಾರೂ ಕೇಳದಿದ್ದ ಆ ಕಲ್ಲುದಡವಿತ್ತು. ಮಗನು ಅಲ್ಲಿ ಮೊದಲು ಕಟ್ಟಿದುದು ಮನೆಯನ್ನಲ್ಲ, ಸೌನಾ ಎಂಬ ಬಿಸಿಹಬೆಯ ಸ್ನಾನದ ಕೋಣೆಯನ್ನು. ಅದರ ಮುಂದಿನ ಬಟ್ಟೆ ಬಿಡುವ ಕೊಠಡಿಯಲ್ಲಿ ಎರಡು ಮಂಚ ಹಾಕಿದರೆ ಮೊಕ್ಕಿಯಾಯಿತು. 1970ರಲ್ಲಿ ಸುಮಾರು 1 ಲಕ್ಷ 76 ಸಾವಿರವಿದ್ದ ವಿಹಾರಗೃಹಗಳು 1980ಕ್ಕೆ ಎರಡೂವರೆ ಲಕ್ಷವಾಗಿ, 2000ಕ್ಕೆ ನಾಲ್ಕೂವರೆ ಲಕ್ಷವಾದುವು. ಹೊಲವು ಬೆಲೆ ಕಳೆದುಕೊಂಡಿತು, ದಡವು ಚಿನ್ನವಾಯಿತು. ಸಹೋದರರ ಜಗಳವೂ ಗುಡ್ಡದಿಂದ ದಡಕ್ಕಿಳಿಯಿತು. ಮನಸ್ಸಿಗೆ ಬಂದಲ್ಲಿ ಕಟ್ಟದಂತೆ ದಡಗಳಿಗೆ ಯೋಜನೆಯನ್ನು ವಿಧಿಸುವ ನಿಯಮವೂ 1969ರಲ್ಲಿಯೇ ಬಂದುದು ಆಕಸ್ಮಿಕವಲ್ಲ.

ಆದಕಾರಣ ನಾನು ಹೇಳುವುದಿಷ್ಟು: ಫಿನ್ನನು ಮೊಕ್ಕಿಗೆ ಹೋಗುವುದು ಏಕಾಂತವನ್ನು ಹುಡುಕಿಕೊಂಡಲ್ಲ; ತಾನು ಬಿಟ್ಟುಬಂದ ಹಳ್ಳಿಯ ದುಡಿಮೆಯನ್ನು ಹುಡುಕಿಕೊಂಡು. ವಿಶ್ರಾಂತಿಯೆಂದು ಅಲ್ಲಿಗೆ ಹೋದವರು ಮಾಡುವುದೇನೆಂದು ನೋಡಿದರೆ ಇದು ಸ್ಪಷ್ಟವಾಗುವುದು. ಸೌದೆ ಒಡೆಯುವರು, ನೀರು ಹೊರುವರು, ಬಲೆ ಬೀಸುವರು, ಹಣ್ಣು ಆರಿಸುವರು, ದೋಣಿಗೆ ಟಾರು ಬಳಿಯುವರು. ತಿಂಗಳುಗಳ ಹೆಸರುಗಳೇ ಇದಕ್ಕೆ ಸಾಕ್ಷಿ. ಯೂರೋಪಿನ ಬಹುಪಾಲು ಜನಾಂಗಗಳು ರೋಮನರ ದೇವತೆಗಳ ಮತ್ತು ಚಕ್ರವರ್ತಿಗಳ ಹೆಸರಿನಿಂದ ತಿಂಗಳುಗಳನ್ನು ಕರೆದರೆ, ಫಿನ್ನರು ತಮ್ಮ ಕೆಲಸದಿಂದ ಕರೆದರು. ಏಪ್ರಿಲ್ ಅವರಿಗೆ ‘ಹುಹ್ತಿಕೂ’, ಎಂದರೆ ಕುಮರಿಯ ತಿಂಗಳು. ಮೇ ಬಿತ್ತನೆಯ ತಿಂಗಳು. ಜುಲೈ ಹುಲ್ಲು ಕೊಯ್ಯುವ ತಿಂಗಳು. ಆಗಸ್ಟ್ ಸುಗ್ಗಿಯ ತಿಂಗಳು. ಅಕ್ಟೋಬರ್ ಕೆಸರಿನ ತಿಂಗಳು. ‘ಕೂ’ ಎಂಬುದಕ್ಕೆ ಚಂದ್ರನೆಂದೂ ಮಾಸವೆಂದೂ ಎರಡರ್ಥ. ನಮ್ಮ ‘ತಿಂಗಳು’ ಎಂಬ ಶಬ್ದದಂತೆಯೇ. ನವೆಂಬರಿಗೆ ‘ಮರ್ರಸ್‌ಕೂ’ ಎಂದು ಹೆಸರು. ಮರ್ರಸ್ ಎಂದರೆ ಸತ್ತದ್ದು. ಫಿನ್ನರ ಭಾಷೆಯು ಸಂಸ್ಕೃತದ ವಂಶಕ್ಕೆ ಸೇರಿದುದಲ್ಲ. ಆದರೂ ಬಹು ಹಿಂದೆ ಅವರ ಪೂರ್ವಿಕರಿಗೆ ಆರ್ಯಭಾಷೆಗಳನ್ನಾಡುವವರ ನೆರೆ ಇದ್ದುದರಿಂದ ಕೆಲವು ಶಬ್ದಗಳು ಅತ್ತ ಹೋಗಿವೆಯೆಂದು ಭಾಷಾಶಾಸ್ತ್ರಜ್ಞರು ನಿರ್ಧರಿಸಿದ್ದಾರೆ. ಅವರ ‘ಸತ’ ನಮ್ಮ ಶತವು. ‘ವಸರ’ ಎಂಬ ಸುತ್ತಿಗೆಯು ವಜ್ರದ ಬಳಗದ್ದು. ಈ ಮರ್ರಸ್ ಮೃತ ಶಬ್ದದ ಜ್ಞಾತಿ. ಪಾಠಶಾಲೆಯಲ್ಲಿ ಧಾತುಪಾಠವನ್ನು ಉರುಹೊಡೆದವನಿಗೆ ಆ ದೂರದ ಹಿಮದ ನಾಡಿನಲ್ಲಿ ಒಬ್ಬ ನೆಂಟನು ಸಿಕ್ಕಿದಷ್ಟು ಸಂತೋಷವಾಗುವುದು.

ವರ್ಷದ ವಿಹಾರವು ಮೊದಲಾಗುವುದು ಮೇ ತಿಂಗಳಲ್ಲಿ. ಮಂಜುಗಡ್ಡೆ ಒಡೆದು ಕರಗಿದ ಮೇಲೆ ಮೋಟಾರುಗಳು ಬರತೊಡಗುವುವು. ಬೀಗ ತೆಗೆದು, ಚಿಮಣಿಯನ್ನು ಗುಡಿಸಿ, ಚಳಿಗಾಲದಲ್ಲಿ ಇಲಿ ಏನು ಮಾಡಿತೆಂದು ನೋಡುವರು. ಆಲೂಗೆಡ್ಡೆಯ ನಾಲ್ಕು ಸಾಲುಗಳನ್ನು ನೆಡದೆ ಇರುವ ಮೊಕ್ಕಿ ಅಪೂರ್ವ. ಜೂನ್ ತಿಂಗಳಲ್ಲಿ ಯುಹನ್ನುಸ್ ಹಬ್ಬ. ಸಂತ ಯೋಹಾನನ ಹೆಸರನ್ನು ಹೊತ್ತಿದ್ದರೂ ಇದು ಉತ್ತರಾಯಣದ ತುದಿಯ ಹಬ್ಬವೇ ಸರಿ. ಪೂಮಲದಲ್ಲಿ ಆಗ ಹಗಲು ಹತ್ತೊಂಬತ್ತು ಗಂಟೆಗಳನ್ನು ಮೀರುವುದು. 1955ರಿಂದ ಇದನ್ನು ಜೂನ್ 20ರಿಂದ 26ರೊಳಗೆ ಬರುವ ಶನಿವಾರಕ್ಕೆ ಕಟ್ಟಿದ್ದಾರೆ. ಪಂಚಾಂಗವು ಕಾರ್ಖಾನೆಯ ಗಡಿಯಾರಕ್ಕೆ ತಲೆಬಾಗಿದುದಕ್ಕೆ ಇದಕ್ಕಿಂತ ಉತ್ತಮವಾದ ನಿದರ್ಶನ ಸಿಕ್ಕದು. ಬಾಗಿಲ ಎರಡು ಕಡೆಯೂ ಎಳೆಯ ಭೂರ್ಜವೃಕ್ಷಗಳನ್ನು ನಿಲ್ಲಿಸುವರು. ರಾತ್ರಿ ದಡದಲ್ಲಿ ‘ಕೊಕ್ಕೊ’ ಎಂಬ ದೊಡ್ಡ ಬೆಂಕಿಯನ್ನು ಹಾಕುವರು. ಮದ್ಯದ ದೆಸೆಯಿಂದ ಅದೇ ರಾತ್ರಿ ದೋಣಿಯಿಂದ ಬಿದ್ದು ಮುಳುಗುವವರೂ ವರ್ಷವರ್ಷವೂ ಉಂಟು ಎಂಬುದನ್ನು ಮರೆಮಾಚಬಾರದು.

ಭೂರ್ಜವೃಕ್ಷವೆಂದೊಡನೆ ನಮಗೆ ಕಾಶ್ಮೀರದ ಪಂಡಿತರ ಓಲೆಗಳು ನೆನಪಾಗುವುವು. ಆ ತೊಗಟೆಯಿಂದ ಫಿನ್ನರ ಪೂರ್ವಿಕರು ಮೆಟ್ಟು, ಬುಟ್ಟಿ, ಉಪ್ಪಿನ ಬರಣಿಗಳನ್ನು ಹೆಣೆಯುತ್ತಿದ್ದರು. ಎಲೆಗಳುಳ್ಳ ಅದರ ಎಳೆಗೊಂಬೆಗಳನ್ನು ಕಟ್ಟುಮಾಡಿ ಸೌನಾದಲ್ಲಿ ಮೈಗೆ ಬಡಿದುಕೊಳ್ಳುವುದು ಈಗಲೂ ಇದೆ. ಸೌನಾವು ಹಿಂದೆ ಬರಿಯ ಸ್ನಾನಗೃಹವಾಗಿರಲಿಲ್ಲ. ಮನೆಯಲ್ಲೆಲ್ಲ ಶುಚಿಯಾದ, ಬೆಚ್ಚಗಿನ ಸ್ಥಳ ಅದೇ ಆದುದರಿಂದ ಹೆಂಗಸರು ಅಲ್ಲಿ ಹೆರುತ್ತಿದ್ದರು. ಸತ್ತವರನ್ನು ಅಲ್ಲಿ ತೊಳೆಯುತ್ತಿದ್ದರು. ಧಾನ್ಯದ ಮೊಳಕೆಯನ್ನು ಒಣಗಿಸುತ್ತಿದ್ದುದೂ ಅಲ್ಲಿಯೇ. ಕಾದ ಕಲ್ಲಿನ ಮೇಲೆ ನೀರೆರೆದಾಗ ಏಳುವ ಹಬೆಗೆ ‘ಲೋಯ್ಲು’ ಎಂದು ಹೆಸರು. ಆ ಶಬ್ದಕ್ಕೆ ಹಿಂದೆ ಪ್ರಾಣವೆಂಬ ಅರ್ಥವಿದ್ದಿತು. 2020ರ ಡಿಸೆಂಬರಿನಲ್ಲಿ ಯುನೆಸ್ಕೋ ಸಂಸ್ಥೆಯು ಈ ಸಂಪ್ರದಾಯವನ್ನು ಮಾನವಕುಲದ ಪರಂಪರೆಗಳ ಪಟ್ಟಿಗೆ ಸೇರಿಸಿತು.

ಜುಲೈಯಲ್ಲಿ ನೆರೆಯ ಸುಲ್ಕವ ಎಂಬ ಊರಿನ ದ್ವೀಪವೊಂದನ್ನು ಸುತ್ತಿ ಸುಮಾರು 60 ಕಿಲೋಮೀಟರು ಹುಟ್ಟುಹಾಕುವ ಉತ್ಸವ ನಡೆಯುವುದು. 1968ರಲ್ಲಿ ಮೊದಲಾದ ಇದರಿಂದಲೇ, ಕೊಟ್ಟಿಗೆಗಳಲ್ಲಿ ಕೊಳೆಯುತ್ತಿದ್ದ ದೇವಾಲಯದ ದೋಣಿಗಳಿಗೆ ಮರುಜೀವ ಬಂದಿತು. ಚರ್ಚಿಗೆ ಹೋಗಲೇಬೇಕಾಗಿದ್ದವನು ಬೆವರು ಸುರಿಸಿ ಹಾಕಿದ ಹುಟ್ಟನ್ನು ಮೊಮ್ಮಗನು ಶುಲ್ಕ ತೆತ್ತು ಹಾಕುತ್ತಾನೆ. ಸುಗ್ಗಿಯ ತಿಂಗಳಲ್ಲಿ ಕಾಡಿನ ನೀಲಿಹಣ್ಣು, ಸೆಪ್ಟೆಂಬರಿನಲ್ಲಿ ಕೆಂಪುಹಣ್ಣು, ಅಣಬೆ. ಇವನ್ನು ಪರರ ಕಾಡಿನಲ್ಲಿಯೂ ಯಾರು ಬೇಕಾದರೂ ಆಯ್ದುಕೊಳ್ಳಬಹುದೆಂಬುದು ಆ ದೇಶದ ಹಳೆಯ ನ್ಯಾಯ. ಪರರ ನೆಲದಲ್ಲಿ ನಡೆಯಬಹುದು, ಗಾಳ ಹಾಕಬಹುದು. ಆದರೆ ಒಡೆಯನ ಅಪ್ಪಣೆಯಿಲ್ಲದೆ ಬೆಂಕಿ ಹಚ್ಚಕೂಡದು, ಮನೆಯಂಗಳವನ್ನು ಮೆಟ್ಟಕೂಡದು. ದಡದ ತುಂಡುಗಳೆಲ್ಲ ಖಾಸಗಿಯಾದ ಮೇಲೂ ದೇಶವು ಬೇಲಿಗಳ ಕಾಡಾಗದೆ ಉಳಿದಿರುವುದು ಈ ಪುರಾತನ ನ್ಯಾಯದಿಂದ. ಅಕ್ಟೋಬರಿನಲ್ಲಿ ಶಾಲೆಗಳಿಗೆ ಕೆಲವು ದಿನ ರಜ. ಆಲೂಗೆಡ್ಡೆ ಅಗೆಯಲು ಮಕ್ಕಳ ಕೈ ಬೇಕಾಗಿದ್ದ ಕಾಲದಿಂದ ಬಂದುದು. ಅದೇ ತಿಂಗಳಲ್ಲಿ ಪಟ್ಟಣದ ಗುಮಾಸ್ತನು ತಂದೆಯ ಬಂದೂಕನ್ನು ಹಿಡಿದು ಊರಿನ ಬೇಟೆಗಾರರ ಸಾಲಿನಲ್ಲಿ ನಿಂತು ಕಡವೆಗಿಂತಲೂ ದೊಡ್ಡದಾದ ಮೂಸ್ ಮೃಗಕ್ಕಾಗಿ ಕಾಯುವನು. ಬೇಟೆಯ ಮಾಂಸದ ಪಾಲಿನ ವಿಚಾರವೂ, ‘ಮುಯಿಕ್ಕು’ ಎಂಬ ಬೆಳ್ಳಿಬಣ್ಣದ ಕಿರುಮೀನನ್ನು ಹುರಿಯುವ ಕ್ರಮವೂ ನಮ್ಮ ಓದುಗರಲ್ಲಿ ಅನೇಕರಿಗೆ ರುಚಿಸಲಾರದಾದ್ದರಿಂದ ಅವನ್ನು ಬಿಟ್ಟಿರುವೆನು.

ಹಿಂದೆ ಇಲ್ಲಿಗೆ ಕಥೆ ಮುಗಿಯುತ್ತಿದ್ದಿತು. ಕೆಸರಿನ ತಿಂಗಳಲ್ಲಿ ಬೀಗ ಬಿದ್ದರೆ ಮತ್ತೆ ಮೇ ತಿಂಗಳವರೆಗೆ ಕೇಳುವವರಿಲ್ಲ. ಈಚಿನ ಮನೆಗಳಿಗೆ ದಪ್ಪಗೋಡೆಯಿದೆ, ವಿದ್ಯುತ್ತಿದೆ, ಚಳಿಗೆ ಒಡೆಯದ ನೀರಿನ ಕೊಳವೆಯಿದೆ. ಕ್ರಿಸ್‌ಮಸ್ ಹಿಂದಿನ ಸಂಜೆ ಜನರು ಬಂದು ಚರ್ಚಿನ ಸಮಾಧಿಗಳ ಮುಂದೆ ಹಿಮದಲ್ಲಿ ದೀಪ ಹಚ್ಚುವರು. ಯುದ್ಧದಲ್ಲಿ ಬಿದ್ದ ಯೋಧರ ದೇಹಗಳನ್ನು ರಣಭೂಮಿಯಲ್ಲಿ ಬಿಡದೆ ಅವರವರ ಊರಿಗೇ ತಂದು ಹೂಳುವ ಪದ್ಧತಿಯನ್ನು ಫಿನ್ನರು ಪಾಲಿಸಿದುದರಿಂದ, ಎಷ್ಟು ಸಣ್ಣ ಹಳ್ಳಿಯಲ್ಲಿಯೂ ಆ ಸಾಲುಗಲ್ಲುಗಳಿವೆ. ಪಟ್ಟಣದಲ್ಲಿ ಹುಟ್ಟಿದವನಿಗೂ ದೀಪವಿಡಲು ಒಂದು ಕಲ್ಲಿದೆ. ಫೆಬ್ರುವರಿ ಮಾರ್ಚಿಗಳಲ್ಲಿ ಪ್ರಾಂತಕ್ಕೊಂದು ವಾರದಂತೆ ಶಾಲೆಗಳಿಗೆ ರಜ. ಆಗ ಸರೋವರವು ಬಯಲು. ಅದರ ಮೇಲೆ ಜಾರುಹಲಗೆ ಕಟ್ಟಿಕೊಂಡು ಓಡುವರು, ತೂತು ಕೊರೆದು ಕುಳಿತು ಗಾಳ ಹಾಕುವರು, ಸೌನಾದಿಂದ ಹೊರಬಿದ್ದು ಅದೇ ಮಂಜುಗಡ್ಡೆಯ ಕಂಡಿಯಲ್ಲಿ ಮುಳುಗೇಳುವರು.

ಹೀಗೆ ವರ್ಷವೆಲ್ಲ ಬರುವ ಅತಿಥಿಯು ಊರಿಗೆ ಯಾರು? ಅವನು ಮನೆಯ ತೆರಿಗೆಯನ್ನು ಪೂಮಲಕ್ಕೆ ಕೊಡುತ್ತಾನೆ, ಅಂಗಡಿಯಲ್ಲಿ ಕೊಳ್ಳುತ್ತಾನೆ, ಬಡಗಿಗೆ ಕೆಲಸ ಕೊಡುತ್ತಾನೆ. 1995ರಲ್ಲಿ ಜಲಸಂಧಿಗೆ ಎತ್ತರವಾದ ಸೇತುವೆಯಾದ ಮೇಲೆ ಹರಿಗೋಲಿಗಾಗಿ ಕಾಯುವ ಸಾಲೂ ಇಲ್ಲ. ಆದರೆ ಅಲ್ಲಿಯ ಶಾಸನದಂತೆ ಒಬ್ಬನಿಗೆ ಒಂದೇ ಸ್ವಂತ ಊರು. ಮತವೂ ಆದಾಯದ ತೆರಿಗೆಯೂ ಅಲ್ಲಿಗೇ. ಊರಿನ ಸಭೆಯಲ್ಲಿ ಅವನಿಗೆ ಮಾತಿಲ್ಲ. ಕೆಲವು ಊರುಗಳವರು ಮೊಕ್ಕಿಯವರ ಸಲಹಾಸಮಿತಿಗಳನ್ನು ಮಾಡಿದ್ದಾರೆ, ಸಲಹೆ ಸಲಹೆಯೇ. ಈ ತೊಡಕು ಮೊದಲ ಬಾರಿಗೆ ಎಲ್ಲರ ಕಣ್ಣಿಗೂ ಬಿದ್ದುದು 2020ರ ಸಾಂಕ್ರಾಮಿಕ ರೋಗದಲ್ಲಿ. ಮಾರ್ಚ್ 28ರಿಂದ ಏಪ್ರಿಲ್ 15ರವರೆಗೆ ಹೆಲ್ಸಿಂಕಿಯ ಪ್ರಾಂತದ ಗಡಿಯನ್ನು ಪೋಲೀಸರು ಮುಚ್ಚಿದರು. ಹಳ್ಳಿಯ ಸಣ್ಣ ಆಸ್ಪತ್ರೆಗಳು ಅಲ್ಲಿಯ ನಿವಾಸಿಗಳ ಲೆಕ್ಕಕ್ಕೆ ಕಟ್ಟಿದವು. ಆದುದರಿಂದ ಮೊಕ್ಕಿಗೆ ಹೋಗಬೇಡಿರೆಂದು ಸರ್ಕಾರವು ಪ್ರಾರ್ಥಿಸಿತು. ತನ್ನ ತಾತನ ದಡಕ್ಕೆ ತಾನು ಹೋಗುವುದು ಅಪರಾಧವೇ ಎಂದು ಪಟ್ಟಣಿಗರು ಕೇಳಿದರು. ಜ್ವರ ತರುವ ಮೊಮ್ಮಗ ಬೇಡವೆಂದು ಊರವರು ಹೇಳಿದರು. ಎರಡು ಮಾತಿನಲ್ಲಿಯೂ ನ್ಯಾಯವಿದ್ದಿತು. ಆ ಬೇಸಗೆಯಲ್ಲಿಯೇ ಅನೇಕರು ಗಣಕಯಂತ್ರದೆದುರು ಕುಳಿತು ಪಟ್ಟಣದ ಉದ್ಯೋಗವನ್ನು ದಡದಿಂದಲೇ ಮಾಡಬಹುದೆಂಬುದನ್ನೂ ಕಂಡುಕೊಂಡರು. ಆದರೂ ಶಾಲೆಯ ವಯಸ್ಸಿನ ಮಕ್ಕಳೊಡನೆ ಬಂದು ನೆಲಸುವವರು ವಿರಳ. ಬಂದವರಲ್ಲಿ ಹೆಚ್ಚು ಮಂದಿ ನಿವೃತ್ತಿವೇತನದವರು.

ವರ್ಷದಲ್ಲಿ ಎರಡು ಬಾರಿ ದ್ವೀಪಗಳ ಮೊಕ್ಕಿಗಳಿಗೆ ಯಾರೂ ಹೋಗಲಾಗದ ಕಾಲವೊಂದಿದೆ. ನೀರು ಹೆಪ್ಪುಗಟ್ಟತೊಡಗಿ ದೋಣಿ ಸಾಗದು, ಕಾಲಿಟ್ಟರೆ ಮಂಜುಗಡ್ಡೆ ತಾಳದು. ವಸಂತದಲ್ಲಿ ಕರಗುವಾಗಲೂ ಹಾಗೆಯೇ. ಇದಕ್ಕೆ ‘ಕೆಲಿರಿಕ್ಕೊ’ ಎನ್ನುವರು. ದಾರಿ ಮುರಿದ ಕಾಲವೆನ್ನಬಹುದು. ಈಚೆಗೆ ಚಳಿ ಕುಗ್ಗಿ, ಮಂಜುಗಡ್ಡೆಯ ಕಾಲ ಮೊಟಕಾಗಿ, ಈ ಅವಧಿ ಯಾವಾಗ ಮೊದಲಾಗಿ ಯಾವಾಗ ಮುಗಿಯುವುದೆಂಬ ಹಿರಿಯರ ಲೆಕ್ಕಗಳು ತಪ್ಪುತ್ತಿವೆ. ಇದರ ದುಃಖವನ್ನು ಮನುಷ್ಯರಿಗಿಂತ ಹೆಚ್ಚಾಗಿ ಅನುಭವಿಸುತ್ತಿರುವುದು ಸೈಮಾದ ಸೀಲ್ ಪ್ರಾಣಿ. ಹಿಮಯುಗದ ಕೊನೆಯಲ್ಲಿ ನೆಲವು ಮೇಲೆದ್ದು ಸರೋವರವು ಸಮುದ್ರದಿಂದ ಕಡಿದುಹೋದಾಗ ಒಳಗೆ ಸಿಕ್ಕಿಕೊಂಡು, ಸಿಹಿನೀರಿಗೆ ಒಗ್ಗಿ, ಲೋಕದಲ್ಲಿ ಮತ್ತೆಲ್ಲಿಯೂ ಇಲ್ಲದ ಜಾತಿಯಾಗಿ ಉಳಿದ ಜೀವ ಅದು. 1980ರ ದಶಕದಲ್ಲಿ ನೂರೈವತ್ತರ ಆಸುಪಾಸಿಗೆ ಇಳಿದಿದ್ದ ಅದರ ಸಂಖ್ಯೆ ಈಗ ಐನೂರರ ಸುಮಾರಿಗೆ ಬಂದಿದೆ. ದಡದ ಹಿಮರಾಶಿಯೊಳಗೆ ಗವಿ ತೋಡಿ ಫೆಬ್ರುವರಿ ಮಾರ್ಚಿಗಳಲ್ಲಿ ಅದು ಮರಿ ಹಾಕುವುದು. ಹಿಮ ಬೀಳದ ವರ್ಷ ಮರಿಗೆ ಮರೆಯಿಲ್ಲ. ಆದ್ದರಿಂದ 2014ರಿಂದೀಚೆಗೆ ಹಿಮ ಸಾಲದ ಚಳಿಗಾಲಗಳಲ್ಲಿ ಸರ್ಕಾರದ ಅರಣ್ಯ ಸಿಬ್ಬಂದಿಯೂ ದಡದ ಜನರೂ ಗುದ್ದಲಿ ಹಿಡಿದು ಹಿಮವನ್ನು ದಿಬ್ಬವಾಗಿ ಒಟ್ಟುತ್ತಾರೆ. ನಮ್ಮ ಕಡೆ ಮುಯ್ಯಾಳು ಎನ್ನುವಂತೆ ಅವರಲ್ಲಿ ‘ತಲ್ಕೋತ್’ ಎಂಬ ಕೂಡುದುಡಿಮೆಯ ಪದ್ಧತಿಯಿದೆ. ಅದು ಈಗ ಈ ಕೆಲಸಕ್ಕೆ ಬಂದಿದೆ.

ಮರಿಗಳಿಗೆ ಇನ್ನೊಂದು ಮೃತ್ಯು ಮೀನಿನ ಬಲೆ. ಸೈಮಾದ ನೀರುಗಳು ಆಯಾ ಹಳ್ಳಿಯ ಹಿಡುವಳಿದಾರರ ಕೂಡುಸ್ವತ್ತು. ಬಲೆ ಹಾಕುವುದು ತಲತಲಾಂತರದ ಹಕ್ಕು. ಮೊದಲು ಸರ್ಕಾರವು ಹಳ್ಳಿಯವರೊಡನೆ ಕರಾರು ಮಾಡಿಕೊಂಡು ಹಣ ಕೊಟ್ಟು ಬಲೆಗಳನ್ನು ಎತ್ತಿಸಿತು. 2011ರಿಂದ ಸೀಲುಗಳು ಮರಿಹಾಕುವ ನೀರುಗಳಲ್ಲಿ ಏಪ್ರಿಲ್ 15ರಿಂದ ಜೂನ್ 30ರವರೆಗೆ ಬಲೆಯನ್ನು ಶಾಸನವೇ ನಿಷೇಧಿಸಿದೆ. ದಡದ ಮುದುಕರಲ್ಲಿ ಇದಕ್ಕೆ ಗೊಣಗಾಟವಿಲ್ಲದಿಲ್ಲ. ಹೊಟ್ಟೆಗಾಗಿ ಬಲೆ ಹಾಕುತ್ತಿದ್ದ ತಾತನನ್ನು ಹೀಗೆ ತಡೆಯುವುದು ಯಾವ ಸರ್ಕಾರಕ್ಕೂ ಸಾಧ್ಯವಿರಲಿಲ್ಲ; ರಜಕ್ಕೆ ಬಂದು ಸಂತೋಷಕ್ಕಾಗಿ ಹಾಕುವ ಮೊಮ್ಮಗನಿಗೆ ಕಾಯಿರೆಂದು ಹೇಳಬಹುದು. ಅವನು ಕಾಯುತ್ತಾನೆ. ಯುಹನ್ನುಸ್ ಹಬ್ಬದಲ್ಲಿ ಬಲೆ ಕೊಟ್ಟಿಗೆಯ ಗೂಟದಲ್ಲಿಯೇ ಇರುವುದು. ಜುಲೈ 1ರಂದು ಅದನ್ನು ಇಳಿಸಿ, ಹರಿದಲ್ಲಿ ಹೊಲಿದು, ಸಂಜೆಯ ಬೆಳಕಿನಲ್ಲಿ ದೋಣಿಗೆ ಹಾಕಿಕೊಂಡು ಹೊರಡುವನು.